ಮೈಕ್ರೋಲೈಟ್ ಕೊಂಡ ಮೇಲೆ ಹಾರುವ ತನಕ

ವಿಮಾನ ಮಾರಿದವರು ಕೀಲಿಯ ಜೊತೆ ಒಂದು ನೀಲಿ ಫೈಲ್ ಕೊಟ್ಟರು. ‘ಎಲ್ಲಾ ಇದರಲ್ಲೇ ಇದೆ. ನಾಳೇನೇ ಹಾರಬಹುದು’ ಅಂದರು. ನಾನು ಹಾರಿದ್ದು ಆರು ವಾರ ಆದ ಮೇಲೆ. ಆ ಆರು ವಾರ ಏನಾಯಿತು ಅಂತ ಬರೆದಿಡಬೇಕು ಅನ್ನಿಸಿತು. ಹಾರುವುದನ್ನು ಕಲಿಸುವವರು ಇದ್ದಾರೆ. ಸೆಕೆಂಡ್ ಹ್ಯಾಂಡ್ ಮೈಕ್ರೋಲೈಟ್, ಅಂದರೆ ಪುಟ್ಟ ಹಗುರ ವಿಮಾನ, ಕೊಂಡವರಿಗೆ ಮುಂದೆ ಏನೇನು ನೋಡಬೇಕು ಅಂತ ಕೂತು ಹೇಳುವವರು ಕಡಿಮೆ.

ನನ್ನದು ಪಕ್ಕಪಕ್ಕ ಇಬ್ಬರು ಕೂರುವ ವಿಮಾನ. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಟ್ಟೆ ಬಿಗಿದ ರೆಕ್ಕೆ. ಮೂತಿಯಲ್ಲಿ 80 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್. ಇದೇ ಬಗೆಯ ವಿಮಾನದಲ್ಲಿ ಕಲಿತಿದ್ದೆ, ಲೈಸೆನ್ಸೂ ಕೈಗೆ ಬಂದಿತ್ತು. ಉಳಿದದ್ದು ಒಂದೆರಡು ಸಹಿ ಅಷ್ಟೇ ಅಂದುಕೊಂಡಿದ್ದೆ. ಪರ್ಮಿಟ್, ಅಂದರೆ ವಿಮಾನಕ್ಕೆ ಹಾರಲು ಕೊಟ್ಟ ಅನುಮತಿ, ಮುಗಿಯಲು ಹತ್ತು ದಿನ ಬಾಕಿ ಇತ್ತು. ಅದನ್ನು ನವೀಕರಿಸಲು ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಅವರು ವಿಮಾನದ ಹತ್ತಿರವೂ ಹೋಗಲಿಲ್ಲ. ಹ್ಯಾಂಗರ್ ಮೂಲೆಯ ಮೇಜಿನ ಮುಂದೆ ಕೂತು, ‘ಮೊದಲು ತೂಕದ ವರದಿ ಕೊಡಿ’ ಅಂದರು.

ನೋಂದಣಿ ಪತ್ರ ಅಲ್ಲ, ವಿಮೆ ಅಲ್ಲ, ತೂಕದ ವರದಿ! ಯಾಕೆ ಸರ್ ಅಂತ ಕೇಳಿದೆ. ‘ಮೈಕ್ರೋಲೈಟ್ ಅಂದರೇನು ಹೇಳಿ ನೋಡೋಣ’ ಅಂತ ಅವರೇ ಕೇಳಿದರು.

ಪರೀಕ್ಷೆಗೆ ಓದಿದ್ದು ನೆನಪಿತ್ತು. ಯುರೋಪಿನಲ್ಲಿ ಬಹಳ ಕಾಲ ನಡೆದ ಲೆಕ್ಕ ಹೀಗಿದೆ. ನೆಲದಿಂದ ಏಳುವ ವಿಮಾನಕ್ಕೆ ಒಂದೇ ಸೀಟಿದ್ದರೆ ಒಟ್ಟು ತೂಕ 300 ಕೆ.ಜಿ. ದಾಟಬಾರದು. ಎರಡು ಸೀಟಿದ್ದರೆ 450. ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಕಟ್ಟಿದ್ದರೆ 472.5. ಜೊತೆಗೆ ವೇಗ 35 ನಾಟ್‌ಗೆ (ಗಂಟೆಗೆ ಸುಮಾರು 65 ಕಿ.ಮೀ.) ಇಳಿಯುವ ಮುಂಚೆಯೇ ಸ್ಟಾಲ್ ಆಗಬಾರದು, ಅಂದರೆ ಅಷ್ಟು ನಿಧಾನಕ್ಕೂ ರೆಕ್ಕೆ ವಿಮಾನವನ್ನು ಹಿಡಿದಿರಬೇಕು. ಈಚೆಗೆ ಕೆಲವು ದೇಶಗಳು ತೂಕದ ಮಿತಿಯನ್ನು 600ಕ್ಕೆ ಏರಿಸಿವೆ. ನನ್ನ ವಿಮಾನಕ್ಕೆ ಪರ್ಮಿಟ್ ಕೊಟ್ಟಿರುವುದು ಹಳೆಯ 450ರ ಮಿತಿಗೆ.

‘ಅಷ್ಟೇ ನೋಡಿ’ ಅಂದರು ಅವರು. ‘451 ಆದರೆ ಇದು ಮೈಕ್ರೋಲೈಟೇ ಅಲ್ಲ. ಆಗ ನಿಮ್ಮ ಲೈಸೆನ್ಸ್ ಇದಕ್ಕೆ ನಡೆಯಲ್ಲ. ಪರ್ಮಿಟ್ ನಡೆಯಲ್ಲ. ವಿಮೆಯವರು ದುಡ್ಡು ಕೊಡಲ್ಲ. ಈ ಫೈಲ್‌ನಲ್ಲಿರೋ ಎಲ್ಲಾ ಕಾಗದ ನಿಂತಿರೋದು ಈ ಒಂದು ಹಾಳೆ ಮೇಲೆ.’

ಆ ಮಾತು ನನ್ನ ಮನಸ್ಸಲ್ಲಿ ಕೂತುಬಿಟ್ಟಿತು. ಆಮೇಲೆ ಯೋಚಿಸಿದಾಗ ಅಮೆರಿಕದ ನಿಯಮವೂ ಇದನ್ನೇ ಹೇಳುತ್ತದೆ ಅನ್ನಿಸಿತು. ಅಲ್ಲಿ 1982ರಲ್ಲಿ ಬಂದ ಭಾಗ 103 ಅನ್ನುವ ನಿಯಮದ ಪ್ರಕಾರ ಅಲ್ಟ್ರಾಲೈಟ್, ಅಂದರೆ ಇನ್ನೂ ಹಗುರದ ವಿಮಾನ, ಹಾರಿಸಲು ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಕೇಳಿದರೆ ಆಸೆ ಆಗುತ್ತೆ ಅಲ್ವಾ? ಆದರೆ ಷರತ್ತು ನೋಡಿ. ಒಂದೇ ಸೀಟು. ಎಂಜಿನ್ ಇರುವುದಾದರೆ ಖಾಲಿ ತೂಕ 254 ಪೌಂಡ್‌ಗಿಂತ ಕಡಿಮೆ, ಅಂದರೆ ಸುಮಾರು 115 ಕೆ.ಜಿ. ಇಂಧನ 5 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 19 ಲೀಟರ್. ಪೂರ್ತಿ ಶಕ್ತಿಯಲ್ಲೂ 55 ನಾಟ್ ದಾಟಬಾರದು. ಜನವಸತಿ ಇರುವ ಕಡೆಯ ಮೇಲೆ ಹಾರಬಾರದು. ತೂಕವನ್ನೂ ವೇಗವನ್ನೂ ಅಷ್ಟು ಬಿಗಿಯಾಗಿ ಹಿಡಿದಿದ್ದಕ್ಕೇ ಕಾಗದ ಬೇಡ ಅನ್ನಲು ಅವರಿಗೆ ಆಯಿತು.

ಫೈಲ್‌ನಲ್ಲಿದ್ದ ತೂಕದ ವರದಿ ಒಂಬತ್ತು ವರ್ಷ ಹಳೆಯದು. ಖಾಲಿ ತೂಕ 262 ಕೆ.ಜಿ. ಅಂತ ಬರೆದಿತ್ತು. ಇನ್‌ಸ್ಪೆಕ್ಟರ್ ಅದನ್ನು ಹಿಡಿದುಕೊಂಡು ಈಗ ವಿಮಾನದ ಹತ್ತಿರ ಬಂದರು. ಬಾಗಿ ಚಕ್ರ ನೋಡಿದರು. ಮೂರೂ ಚಕ್ರಕ್ಕೆ ಚಂದದ ಬಿಳಿ ಕವಚ ಇತ್ತು. ‘ಇದನ್ನು ಯಾವಾಗ ಹಾಕಿದ್ದು?’ ಲಾಗ್‌ಬುಕ್‌ನಲ್ಲಿ ಆ ವಿಷಯವೇ ಇರಲಿಲ್ಲ. ವಿಮಾನಕ್ಕೆ ಏನನ್ನು ಸೇರಿಸಿದರೂ ಅದಕ್ಕೆ ಮೊದಲೇ ಮಂಜೂರಾತಿ ಪಡೆಯಬೇಕು, ಲಾಗ್‌ಬುಕ್‌ನಲ್ಲಿ ಬರೆಯಬೇಕು, ತೂಕ ಬದಲಾದರೆ ವರದಿ ತಿದ್ದಬೇಕು. ಕವಚ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಪರ್ಮಿಟ್ ಕೊಟ್ಟಿರುವುದು ಈ ಬಗೆಯ ವಿಮಾನ ಇಂತಿಂಥ ರೂಪದಲ್ಲಿ ಇರುತ್ತದೆ ಅನ್ನುವುದಕ್ಕೆ. ಆ ರೂಪ ಬದಲಾಗಿದ್ದರೆ ಪರ್ಮಿಟ್ ಬೇರೆ ಯಾವುದೋ ವಿಮಾನದ್ದು ಅಂತಲೇ ಲೆಕ್ಕ.

ಕವಚ ಬಿಚ್ಚಿಟ್ಟೆವು. ಮತ್ತೆ ತೂಗೋಣ ಅಂತ ನಿರ್ಧಾರ ಆಯಿತು.

ವಿಮಾನ ತೂಗುವುದು ನೋಡಲು ಸುಲಭ, ಮಾಡಲು ಇಡೀ ದಿನ ಬೇಕು. ಮೊದಲು ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಬಸಿದೆವು. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಇದ್ದಷ್ಟು ಇರಲಿ ಅಂದರು, ಖಾಲಿ ತೂಕ ಅಂದರೆ ಅವೂ ಸೇರಿದ್ದು. ಹ್ಯಾಂಗರ್ ಬಾಗಿಲು ಮುಚ್ಚಿದೆವು. ಸಣ್ಣ ಗಾಳಿ ಬಂದರೂ ರೆಕ್ಕೆ ಒಂಚೂರು ಎತ್ತಿಕೊಳ್ಳುತ್ತೆ, ತಕ್ಕಡಿ ಸುಳ್ಳು ಹೇಳುತ್ತೆ. ಮೂರು ಚಕ್ರದ ಕೆಳಗೆ ಮೂರು ತಕ್ಕಡಿ. ಆಮೇಲೆ ವಿಮಾನವನ್ನು ಮಟ್ಟಕ್ಕೆ ನಿಲ್ಲಿಸುವ ಕೆಲಸ. ಕೈಪಿಡಿಯಲ್ಲಿ ಹೇಳಿದ ಕೊಳವೆಯ ಮೇಲೆ ಮಟ್ಟಗೋಲು ಇಟ್ಟು, ಮುಂದಿನ ಚಕ್ರದ ಕೆಳಗೆ ಹಲಗೆ ಕೊಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಹೊಂದಿಸಿದೆವು. ಇದೊಂದಕ್ಕೇ ಒಂದು ಗಂಟೆ ಹಿಡಿಯಿತು.

ಮುಂದಿನ ಚಕ್ರ 54. ಎಡ 110, ಬಲ 110. ಒಟ್ಟು 274 ಕೆ.ಜಿ.

ಮೂರು ಸಲ ತೂಗಿದೆವು. ಅಷ್ಟೇ ಬಂತು. ವರದಿಗಿಂತ 12 ಕೆ.ಜಿ. ಜಾಸ್ತಿ. ಎಲ್ಲಿಂದ ಬಂತು ಅಂತ ಹುಡುಕಿದರೆ ಒಂದೇ ಕಡೆ ಸಿಗಲಿಲ್ಲ. ಹಳೆ ಬಣ್ಣದ ಮೇಲೆ ಇನ್ನೊಂದು ಸಲ ಬಳಿದ ಬಣ್ಣ. ದಪ್ಪ ಸೀಟು. ದೊಡ್ಡ ಬ್ಯಾಟರಿ. ಆಮೇಲೆ ಹಾಕಿದ ರೇಡಿಯೊ, ರಾಡಾರ್‌ಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್. ಒಂಬತ್ತು ವರ್ಷ ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ. ಒಂದೊಂದಾಗಿ ಸೇರಿಕೊಂಡಿತ್ತು.

12 ಕೆ.ಜಿ. ಅಂದರೆ ಏನು ಮಹಾ ಅನ್ನಿಸಬಹುದು. ಅಲ್ಲೇ ಹಾಳೆ ಮೇಲೆ ಲೆಕ್ಕ ಹಾಕಿದೆವು. ನಾನು 75 ಕೆ.ಜಿ. ನನ್ನ ಜೊತೆ ಹಾರಬೇಕು ಅಂತ ಕಾದಿದ್ದ ಗೆಳೆಯ 82. ಇಬ್ಬರೂ ಸೇರಿ 157. ಹಳೆ ವರದಿ ನಂಬಿದರೆ ಇಂಧನಕ್ಕೆ 31 ಕೆ.ಜಿ. ಉಳಿಯುತ್ತದೆ. ಪೆಟ್ರೋಲ್ ಲೀಟರ್‌ಗೆ ಸುಮಾರು 0.72 ಕೆ.ಜಿ. ತೂಗುತ್ತದೆ, ಅಂದರೆ 43 ಲೀಟರ್. ನಿಜವಾದ ತೂಕ ಹಿಡಿದರೆ ಉಳಿಯುವುದು 19 ಕೆ.ಜಿ., ಅಂದರೆ 26 ಲೀಟರ್. ನನ್ನ ಎಂಜಿನ್ ಗಂಟೆಗೆ 13 ಲೀಟರ್ ಕುಡಿಯುತ್ತದೆ. ಮೂರೂ ಕಾಲು ಗಂಟೆಯ ಹಾರಾಟ ಎರಡು ಗಂಟೆಗೆ ಇಳಿಯಿತು. ಅದರಲ್ಲಿ ಕೊನೆಯ ಅರ್ಧ ಗಂಟೆಯದ್ದನ್ನು ಮೀಸಲಾಗಿ ಇಡಬೇಕು, ಮುಟ್ಟುವ ಹಾಗಿಲ್ಲ. ನನ್ನ ಟ್ಯಾಂಕ್ 65 ಲೀಟರಿನದು. ನಾನು ಸುಮ್ನೆ ಟ್ಯಾಂಕ್ ತುಂಬಿಸಿ ಗೆಳೆಯನನ್ನು ಕೂರಿಸಿಕೊಂಡಿದ್ದರೆ 28 ಕೆ.ಜಿ. ಹೆಚ್ಚು ಹೊತ್ತು ಏಳುತ್ತಿದ್ದೆ. ಏಳಲು ಉದ್ದ ರನ್‌ವೇ ಬೇಕಾಗುತ್ತಿತ್ತು, ಸ್ಟಾಲ್ ವೇಗ ಏರಿರುತ್ತಿತ್ತು, ಆದರೆ ಕೈಪಿಡಿಯ ಅಂಕಿ ಹಳೆಯದೇ ಇರುತ್ತಿತ್ತು.

ತೂಕದ ಜೊತೆ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಪ್ರತಿ ಚಕ್ರದ ತೂಕವನ್ನು ರೆಕ್ಕೆಯ ಮುಂದಿನ ಅಂಚಿನಿಂದ ಆ ಚಕ್ರಕ್ಕಿರುವ ದೂರದಿಂದ ಗುಣಿಸಿ, ಕೂಡಿ (ಅಂಚಿಗಿಂತ ಮುಂದಿರುವ ಚಕ್ರದ್ದನ್ನು ಕಳೆದು), ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಸಿಗುತ್ತದೆ. ಅದು ಮಿತಿಯೊಳಗೇ ಇತ್ತು. ಹೊಸ ವರದಿ ಬರೆದು ಇಬ್ಬರೂ ಸಹಿ ಹಾಕಿದೆವು. ಪ್ಯಾನೆಲ್ ಮೇಲಿನ ಹಳೆ ಫಲಕ ಕಿತ್ತು ಹೊಸದು ಅಂಟಿಸಿದೆ. ಇಷ್ಟು ಇಂಧನಕ್ಕೆ ಇಷ್ಟು ತೂಕದ ಜನ ಅನ್ನುವ ಪಟ್ಟಿ ಈಗ ಕೂತ ಕಡೆಯಿಂದಲೇ ಕಾಣುತ್ತದೆ.

ಇನ್ನು ಉಳಿದ ಕಾಗದ. ಯಾವ ಯಾವ ದಾಖಲೆ ವಿಮಾನದಲ್ಲೇ ಇರಬೇಕು ಅನ್ನುವ ಪಟ್ಟಿಗೆ ದೊಡ್ಡ ಇತಿಹಾಸ ಇದೆ. 1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದದ 29ನೇ ವಿಧಿಯಲ್ಲಿ ಅದು ಬರುತ್ತದೆ. ಗಡಿ ದಾಟುವ ವಿಮಾನದಲ್ಲಿ ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ಸಿಬ್ಬಂದಿಯ ಲೈಸೆನ್ಸ್, ಪ್ರಯಾಣದ ಲಾಗ್‌ಬುಕ್, ರೇಡಿಯೊ ಇದ್ದರೆ ಅದರ ಲೈಸೆನ್ಸ್ ಇರಬೇಕು. ಒಳನಾಡಿನ ಹಾರಾಟಕ್ಕೆ ಒಂದೊಂದು ದೇಶ ಒಂದೊಂದು ರೀತಿ ಸಡಿಲ ಮಾಡಿದೆ. ಹೊರಟ ಜಾಗಕ್ಕೇ ವಾಪಸ್ ಬರುವುದಾದರೆ ಕೆಲವನ್ನು ಏರ್‌ಫೀಲ್ಡ್‌ನಲ್ಲೇ ಬಿಟ್ಟು ಹೋಗಬಹುದು ಅನ್ನುವ ಕಡೆಯೂ ಇದೆ. ನಾನು ಎಲ್ಲದರ ಪ್ರತಿಯನ್ನೂ ಸೀಟಿನ ಹಿಂದಿನ ಚೀಲದಲ್ಲಿ ಇಟ್ಟಿದ್ದೇನೆ. ಕಾಲು ಕೆ.ಜಿ.ಯೂ ಆಗಲ್ಲ.

ಮೈಕ್ರೋಲೈಟ್‌ಗೆ ಸಾಮಾನ್ಯವಾಗಿ ಸಿಗುವುದು ಪರ್ಮಿಟ್ ಟು ಫ್ಲೈ. ದೊಡ್ಡ ವಿಮಾನಕ್ಕೆ ಕೊಡುವ ಹಾರಾಟ ಯೋಗ್ಯತೆಯ ಪತ್ರ ಅದಲ್ಲ. ಪಕ್ಕದ ದೇಶ ಅದನ್ನು ಒಪ್ಪಲೇಬೇಕು ಅಂತಿಲ್ಲ. ಗಡಿ ದಾಟುವ ಆಸೆ ಇದ್ದವರು ಆ ದೇಶದ ಅನುಮತಿ ಮೊದಲೇ ತೆಗೆದುಕೊಳ್ಳಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ನೋಂದಣಿ ಪತ್ರದ ಬಗ್ಗೆ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಅದರಲ್ಲಿ ಹೆಸರಿದ್ದವರೇ ಮಾಲೀಕರು ಅಂದುಕೊಂಡಿದ್ದೆ. ಎಷ್ಟೋ ದೇಶಗಳಲ್ಲಿ ಅದು ಮಾಲೀಕತ್ವಕ್ಕೆ ಪುರಾವೆ ಅಲ್ಲ, ನೋಂದಣಿಯಾಗಿದೆ ಅನ್ನುವುದಕ್ಕೆ ಮಾತ್ರ ಪುರಾವೆ. ವಿಮಾನದ ಮೇಲೆ ಸಾಲ ಇದೆಯೋ ಇಲ್ಲವೋ ಬೇರೆಯೇ ವಿಚಾರಿಸಬೇಕು. ಮಾರಾಟದ ಪತ್ರ ಬೇರೆಯೇ ಬರೆಸಿಕೊಳ್ಳಬೇಕು. ನಾನು ದುಡ್ಡು ಕೊಟ್ಟ ಮೇಲೆ ಇದನ್ನೆಲ್ಲ ವಿಚಾರಿಸಿದೆ. ನೀವು ಮುಂಚೆಯೇ ವಿಚಾರಿಸಿ. ನೋಂದಣಿಗೆ ಸಂಬಂಧಿಸಿದ ಇನ್ನೊಂದು ವಸ್ತು ಒಂದು ಪುಟ್ಟ ಲೋಹದ ಫಲಕ. ಬೆಂಕಿಗೆ ಕರಗದ ಲೋಹದ ಮೇಲೆ ನೋಂದಣಿ ಅಕ್ಷರ ಕೊರೆದು ವಿಮಾನದ ಮೈಗೆ ಭದ್ರವಾಗಿ ಕೂರಿಸಿರಬೇಕು. ಎಲ್ಲಾ ಸುಟ್ಟುಹೋದರೂ ಯಾರ ವಿಮಾನ ಅಂತ ಗೊತ್ತಾಗಲಿ ಅಂತ. ನನ್ನದರಲ್ಲಿ ಆ ಫಲಕ ಎರಡನೇ ಬಣ್ಣದ ಅಡಿ ಮುಚ್ಚಿಹೋಗಿತ್ತು. ಕೆರೆದು ತೆಗೆದೆ.

ಉಪಕರಣಗಳ ವಿಷಯಕ್ಕೆ ಬಂದರೆ, ಹಗಲಲ್ಲಿ ಹೊರಗೆ ಕಣ್ಣಲ್ಲೇ ನೋಡಿಕೊಂಡು ಹಾರುವವರಿಗೆ ಕಾನೂನು ಕೇಳುವುದು ಕಡಿಮೆ. ದಿಕ್ಸೂಚಿ, ಎತ್ತರ ತೋರಿಸುವ ಆಲ್ಟಿಮೀಟರ್, ವೇಗ ತೋರಿಸುವ ಏರ್‌ಸ್ಪೀಡ್ ಇಂಡಿಕೇಟರ್, ಒಂದು ಗಡಿಯಾರ. ಜೊತೆಗೆ ಎಂಜಿನ್ ತಯಾರಿಸಿದವರು ಬೇಕು ಅಂದ ಮಾಪಕಗಳು, ಸೀಟ್ ಬೆಲ್ಟ್. ಇರುವುದೇ ಇಷ್ಟು ಅಂದಮೇಲೆ ಒಂದೊಂದೂ ನಿಜ ಹೇಳಲೇಬೇಕು.

ವೇಗದ ಮಾಪಕವನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಯು ಆಕಾರಕ್ಕೆ ಬಗ್ಗಿಸಿದ ಪ್ಲಾಸ್ಟಿಕ್ ಕೊಳವೆ, ಅದರಲ್ಲಿ ಬಣ್ಣ ಬೆರೆಸಿದ ನೀರು, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಅಷ್ಟೇ ಸಾಮಾನು. ಕೊಳವೆಯ ಒಂದು ಕವಲನ್ನು ಪಿಟೋ ಟ್ಯೂಬ್‌ಗೆ, ಅಂದರೆ ಎದುರು ಗಾಳಿಯ ಒತ್ತಡವನ್ನು ಮಾಪಕಕ್ಕೆ ಮುಟ್ಟಿಸುವ ಕೊಳವೆಗೆ, ಸೇರಿಸಿ ಮೆಲ್ಲಗೆ ಒತ್ತಡ ಕೊಟ್ಟರೆ, ಮಾಪಕಕ್ಕೆ ಅದು ಎದುರಿಂದ ಬರುವ ಗಾಳಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 6 ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಮುಳ್ಳು ಸುಮಾರು 60 ನಾಟ್ ತೋರಿಸಬೇಕು. 35 ನಾಟ್‌ಗೆ ಬರೀ 2 ಸೆಂಟಿಮೀಟರ್. ಮೈಕ್ರೋಲೈಟ್‌ಗೂ ಬೇರೆ ವಿಮಾನಕ್ಕೂ ನಡುವೆ ಕಾನೂನು ಎಳೆದ ಆ ಗೆರೆ ಎರಡು ಬೆರಳಗಲ ನೀರಿಗಿಂತ ಕಡಿಮೆ ಒತ್ತಡದ್ದು ಅಂತ ಕಣ್ಣಾರೆ ನೋಡಿದಾಗ, ಆ ಮಾಪಕ ಎಂಥ ನಾಜೂಕಿನ ವಸ್ತು ಅಂತ ಅರ್ಥವಾಯಿತು.

6 ಸೆಂಟಿಮೀಟರ್ ತನಕ ಏರಿಸಿ ಒತ್ತಡ ಕೊಡುವ ಬಾಯಿ ಮುಚ್ಚಿದೆವು. ನೀರು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಧಾನಕ್ಕೆ ಇಳಿಯಿತು, ಮುಳ್ಳೂ ಜೊತೆಗೇ ಇಳಿಯಿತು. ಪ್ಯಾನೆಲ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಮಾಪಕಕ್ಕೆ ಸೇರುವ ರಬ್ಬರ್ ಕೊಳವೆ ತುದಿಯಲ್ಲಿ ಸೀಳಿತ್ತು. ಪಿಟೋ ಕಡೆ ಸೋರಿದರೆ ಮಾಪಕ ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಇಳಿಯುವಾಗ ಅದು ಅಷ್ಟು ಅಪಾಯ ಅಲ್ಲ ಅನ್ನಬಹುದು, ಆದರೆ ಕೆಳಮುಖವಾಗಿ ಧುಮುಕುವಾಗ ಕೆಂಪು ಗೆರೆ, ಅಂದರೆ ದಾಟಲೇಬಾರದ ವೇಗ, ದಾಟಿದ್ದು ಗೊತ್ತೇ ಆಗಲ್ಲ. ಹೊಸ ಕೊಳವೆ ಹಾಕಲು ಹತ್ತು ನಿಮಿಷ ಸಾಕಾಯಿತು. ಮತ್ತೆ ಪರೀಕ್ಷಿಸಿದಾಗ ಮುಳ್ಳು 60ರಲ್ಲಿ ನಿಂತಿತು, ನೀರೂ ನಿಂತಿತು.

ದಿಕ್ಸೂಚಿಯನ್ನು ಗೊತ್ತಿರುವ ದಿಕ್ಕುಗಳಿಗೆ ತಿರುಗಿಸಿ ತಪ್ಪು ಎಷ್ಟು ಅಂತ ಕಾರ್ಡ್ ಬರೆದೆವು. ಆಲ್ಟಿಮೀಟರ್ ಸರಿ ಇತ್ತು.

ಬೀಕನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೀಟಿನ ಹಿಂದೆ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಇತ್ತು. ಇವು ಕಳಿಸುವ ಸಂಕೇತ, ಅಪಾಯದಲ್ಲಿರುವವರ ಕೂಗು ಹಿಡಿಯುವ ಕೊಸ್ಪಾಸ್-ಸಾರ್ಸಾಟ್ ಉಪಗ್ರಹಗಳಿಗೆ ಕೇಳಿಸುತ್ತದೆ. ಹಳೆಯ 121.5 ಮೆಗಾಹರ್ಟ್ಸ್ ಬೀಕನ್‌ಗಳನ್ನು ಉಪಗ್ರಹಗಳು ಕೇಳಿಸಿಕೊಳ್ಳುವುದನ್ನು 2009ರ ಫೆಬ್ರುವರಿ 1ರಂದೇ ನಿಲ್ಲಿಸಿದವು. ಈಗ ಆ ತರಂಗ ಹತ್ತಿರ ಬಂದ ರಕ್ಷಣಾ ತಂಡಕ್ಕೆ ದಾರಿ ತೋರಿಸಲು ಮಾತ್ರ. ಹಾಗಾಗಿ ಸೆಕೆಂಡ್ ಹ್ಯಾಂಡ್ ವಿಮಾನದಲ್ಲಿ ಬೀಕನ್ ಇದೆ ಅಂದರೆ ಯಾವ ಕಾಲದ್ದು ಅಂತ ನೋಡಲೇಬೇಕು.

ನನ್ನದು ಹೊಸ ಬಗೆಯದೇ, ಬ್ಯಾಟರಿಗೂ ಇನ್ನೂ ಎರಡು ವರ್ಷ ಅವಧಿ ಇತ್ತು. ಇನ್‌ಸ್ಪೆಕ್ಟರ್ ‘ಇದು ಕೂಗಿಕೊಂಡರೆ ಯಾರಿಗೆ ಫೋನ್ ಹೋಗುತ್ತೆ?’ ಅಂದರು. ನಾನು ಮಾತಾಡಲಿಲ್ಲ. ಪ್ರತಿ ಬೀಕನ್‌ಗೂ ತನ್ನದೇ ಸಂಖ್ಯೆ ಇದೆ. ಸಂಕೇತ ಬಂದ ಕೂಡಲೇ ರಕ್ಷಣಾ ಕೇಂದ್ರದವರು ಆ ಸಂಖ್ಯೆಯ ಎದುರು ನೋಂದಾಯಿಸಿದ ಫೋನ್‌ಗೆ ಕರೆ ಮಾಡುತ್ತಾರೆ. ನನ್ನ ಬೀಕನ್ ಹಳೆ ಮಾಲೀಕರ ಹೆಸರಲ್ಲೇ ಇತ್ತು. ನಾನು ಎಲ್ಲೋ ಬಿದ್ದಿದ್ದರೆ ಅವರಿಗೆ ಫೋನ್ ಹೋಗುತ್ತಿತ್ತು. ಅವರು ಮನೆಯಲ್ಲಿ ಕೂತು ‘ನಾನು ಹಾರ್ತಾ ಇಲ್ಲವಲ್ಲ’ ಅಂದಿದ್ದರೆ? ಆ ರಾತ್ರಿಯೇ ನೋಂದಣಿ ಬದಲಿಸಿದೆ. ಮನೆಯವರ ಎರಡು ನಂಬರ್, ವಿಮಾನದ ಬಣ್ಣ, ಸೀಟಿನ ಸಂಖ್ಯೆ ಎಲ್ಲಾ ತುಂಬಿದೆ. ಆರು ವಾರದಲ್ಲಿ ಮಾಡಿದ ಕೆಲಸಗಳಲ್ಲಿ ಅತಿ ಕಡಿಮೆ ಹೊತ್ತು ಹಿಡಿದದ್ದು ಇದು.

ಟ್ರಾನ್ಸ್‌ಪಾಂಡರ್‌ದೂ ಇದೇ ಕಥೆ. ಮೋಡ್ ಎಸ್ ಟ್ರಾನ್ಸ್‌ಪಾಂಡರ್‌ನಲ್ಲಿ ವಿಮಾನಕ್ಕೆ ಕೊಟ್ಟ 24 ಬಿಟ್‌ನ ವಿಳಾಸ ಇರುತ್ತದೆ. ಬೇರೆ ವಿಮಾನದಿಂದ ಬಿಚ್ಚಿ ತಂದದ್ದಾದರೆ ರಾಡಾರ್‌ಗೆ ಅದೇ ಹಳೆ ವಿಮಾನ ಕಾಣುತ್ತದೆ. ನನ್ನದರಲ್ಲಿ ವಿಳಾಸ ಸರಿಯಾಗಿತ್ತು. ರೇಡಿಯೊಗೆ ಮಾತ್ರ ಎರಡು ಕಾಗದ ಬೇಕು. ಒಂದು ವಿಮಾನದಲ್ಲಿರುವ ರೇಡಿಯೊಗೆ, ಇನ್ನೊಂದು ಅದರಲ್ಲಿ ಮಾತಾಡುವವರಿಗೆ. ಎರಡನೆಯದು ಕಲಿಯುವಾಗಲೇ ಪಾಸು ಮಾಡಿಕೊಂಡಿದ್ದೆ. ಮೊದಲನೆಯದರ ಅವಧಿ ಮುಗಿದಿತ್ತು, ಶುಲ್ಕ ಕಟ್ಟಿದೆ.

ಎಂಜಿನ್ ಲಾಗ್‌ಬುಕ್ ಓದಲು ಒಂದು ಸಂಜೆ ಪೂರ್ತಿ ಬೇಕಾಯಿತು. ಅದನ್ನು ಓದುವುದು ಒಬ್ಬರ ಆರೋಗ್ಯದ ಚೀಟಿಗಳನ್ನು ಸಾಲಾಗಿ ಓದಿದ ಹಾಗೆ. ಎಷ್ಟು ಗಂಟೆ ಓಡಿತು, ಎಲ್ಲಿ ಏನು ಬದಲಿಸಿದರು ಅಂತ ಎಲ್ಲಾ ಗೊತ್ತಾಗುತ್ತೆ. ರೋಟಾಕ್ಸ್ 912ರ ರಬ್ಬರ್ ಭಾಗಗಳನ್ನು ಓಡಿದರೂ ಓಡದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಆಗಿತ್ತು. ಆದರೆ ಕಾರ್ಬ್ಯುರೇಟರ್ ಫ್ಲೋಟ್‌ಗಳನ್ನು, ಅಂದರೆ ಪೆಟ್ರೋಲ್ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ಪುಟ್ಟ ತುಂಡುಗಳನ್ನು, ನೋಡಿದ ದಾಖಲೆ ಎಲ್ಲೂ ಇರಲಿಲ್ಲ. ಈ ಎಂಜಿನ್‌ನ ಕೆಲವು ಫ್ಲೋಟ್‌ಗಳು ಪೆಟ್ರೋಲ್ ಹೀರಿಕೊಂಡು ಭಾರವಾಗಿ ಮುಳುಗುವ ತೊಂದರೆ ಬಂದು, ತಯಾರಕರು ಸೂಚನಾಪತ್ರ ಹೊರಡಿಸಿದ್ದರು. ಫ್ಲೋಟ್ ಮುಳುಗಿದರೆ ಇಂಧನ ಉಕ್ಕುತ್ತದೆ, ಎಂಜಿನ್ ಅದುರುತ್ತದೆ. ಇಂಥ ಸೂಚನೆಗಳನ್ನು ಹುಡುಕಿ ಓದಿ ಲಾಗ್‌ಬುಕ್‌ನಲ್ಲಿ ನಮೂದಿಸುವುದು ಮಾಲೀಕರ ಹೊಣೆ. ಯಾರೂ ಬಂದು ನೆನಪಿಸುವುದಿಲ್ಲ.

ಬಟ್ಟಲು ಬಿಚ್ಚಿ ಫ್ಲೋಟ್ ತೆಗೆದು ಗ್ರಾಂ ತಕ್ಕಡಿ ಮೇಲೆ ಇಟ್ಟೆವು. ಒಂದು ಕಾರ್ಬ್ಯುರೇಟರ್‌ನ ಎರಡು ಫ್ಲೋಟ್ ಸೇರಿ 7 ಗ್ರಾಂ ದಾಟಬಾರದು. ಎಡಗಡೆಯ ಜೋಡಿ 6 ಗ್ರಾಂ ಚಿಲ್ಲರೆ. ಬಲಗಡೆಯದು 7.4. ಮತ್ತೆ ತೂಕದಲ್ಲೇ ಸಿಕ್ಕಿಬಿತ್ತು. ಹೊಸ ಫ್ಲೋಟ್ ಬರಲು ಎರಡು ವಾರ ಆಯಿತು. ಅಷ್ಟರಲ್ಲಿ ಹಳೆ ಪರ್ಮಿಟ್ ಮುಗಿಯಿತು. ಬೇಸರ ಆಯಿತು, ಸುಳ್ಳು ಹೇಳಲ್ಲ. ಆ ಎರಡು ವಾರ ಆಕಾಶ ತಿಳಿಯಾಗಿತ್ತು. ಬೇರೆಯವರು ಹಾರುವುದನ್ನು ಹ್ಯಾಂಗರ್ ಬಾಗಿಲಲ್ಲಿ ನಿಂತು ನೋಡಿದೆ. ಆದರೆ ಆ 7.4 ಗ್ರಾಂ ಎಂಜಿನ್ ಒಳಗೇ ಇದ್ದಾಗ ನಾಳೆಯೇ ಹಾರಬಹುದು ಅಂತ ನನಗೆ ಹೇಳಿದ್ದರಲ್ಲ, ಅದು ನೆನಪಾದಾಗಲೆಲ್ಲ ಕಾಯುವುದು ಸುಲಭವಾಯಿತು.

ಫ್ಲೋಟ್ ಬಂತು. ಹಾಕಿ, ನೆಲದ ಮೇಲೆ ಎಂಜಿನ್ ಓಡಿಸಿ ನೋಡಿದೆವು. ಇನ್‌ಸ್ಪೆಕ್ಟರ್ ಕೊನೆಯ ಸಲ ಸುತ್ತು ಬಂದರು. ಪರೀಕ್ಷಾ ಹಾರಾಟಕ್ಕೆ ಅನುಮತಿ ಇದ್ದ ಪೈಲಟ್ ಒಬ್ಬರು ಹಾರಿಸಿ ಏರುವ ವೇಗ, ಸ್ಟಾಲ್ ವೇಗ ಬರೆದುಕೊಟ್ಟರು. ಪರ್ಮಿಟ್ ನವೀಕರಣವಾಯಿತು. ಹೊಸ ತೂಕ ತೋರಿಸಿ ವಿಮೆ ಮಾಡಿಸಿದೆ. ಮೂರನೆಯವರಿಗೆ ಆಗುವ ಹಾನಿಯ ವಿಮೆ ನಾನು ಹಾರುವ ಕಡೆ ಕಡ್ಡಾಯ.

ಗೆಳೆಯನನ್ನು ಮೊದಲ ದಿನವೇ ಕರೆದುಕೊಂಡು ಹೋಗಲಿಲ್ಲ. ಪ್ರಯಾಣಿಕರನ್ನು ಕೂರಿಸಲು ಹಿಂದಿನ 90 ದಿನದಲ್ಲಿ ಮೂರು ಸಲ ಏರಿ ಇಳಿದಿರಬೇಕು. ಕಾಯುತ್ತಾ ನನ್ನ ಲೆಕ್ಕ ಕಡಿಮೆಯಾಗಿತ್ತು. ಒಬ್ಬನೇ ಮೂರು ಸುತ್ತು ಹಾರಿದೆ. ಮುಂದಿನ ಭಾನುವಾರ ಅವನು ಬಂದ. ತಕ್ಕಡಿ ತೋರಿಸಿ, ‘ಶೂ, ಜಾಕೆಟ್ ಸಮೇತ ಹತ್ತಪ್ಪ’ ಅಂದೆ. 84 ತೋರಿಸಿತು. ನಾನು ಹತ್ತಿದೆ, 77. ಟ್ಯಾಂಕ್‌ನಲ್ಲಿ 30 ಲೀಟರ್ ಇತ್ತು. ಮತ್ತೆ ಹಾಳೆ ತೆಗೆದು ಕೂಡಿ ಕಳೆದು, 10 ಲೀಟರ್ ಕ್ಯಾನ್‌ಗೆ ಬಸಿದೆ.

‘ಇಷ್ಟು ಸಾಕಾಗುತ್ತಾ?’ ಅಂದ ಅವನು. ಒಂದು ಗಂಟೆ ಹಾರಬಹುದು, ಅರ್ಧ ಗಂಟೆಯದ್ದು ಮೀಸಲು ಇರುತ್ತೆ ಅಂದೆ. ಬೆಲ್ಟ್ ಬಿಗಿದೆ. ಐವತ್ತು ನಿಮಿಷ ಹಾರಿ ಇಳಿದೆವು. ಅವನು ವಿಮಾನದ ಪಕ್ಕ ನಿಂತು ರೆಕ್ಕೆ ಮುಟ್ಟಿ ನೋಡುತ್ತಿದ್ದಾಗ ನಾನು ಪ್ರಯಾಣದ ಲಾಗ್‌ಬುಕ್ ತೆಗೆದು ದಿನಾಂಕ, ಏರಿದ ಹೊತ್ತು, ಇಳಿದ ಹೊತ್ತು ಬರೆದೆ. ದೋಷದ ಕಾಲಂನಲ್ಲಿ ‘ಇಲ್ಲ’ ಅಂತ ಬರೆದು ಸಹಿ ಹಾಕಿದೆ.